ಎದುರು ಟೀಮಿನವಳು

ನವೆಂಬರ್ 3, ರವಿವಾರ

ಬಾಸ್ಕೆಟ್‌ಬಾಲ್ ಕೋರ್ಟಿನಿಂದ ಈಗ ಬಂದೆ. ಮಿರ್ಚಿ ತಿಂದು ಹೊಟ್ಟೆ ಭಾರ. ಊಟ ಬೇಡವೆಂದರೆ ಅತ್ತೆ ಕೇಳುವುದಿಲ್ಲ.

ಇವತ್ತೂ ಗೆದ್ದೆವು. ಸೀಸನ್ ಶುರುವಾಗಿ ಎರಡು ಮ್ಯಾಚ್, ಎರಡೂ ನಮ್ಮವು. ಹೋದ ವರ್ಷ ಎಲ್ಲರ ಕೈಲೂ ಸೋತ ನಮ್ಮ ಸಿಂಧನೂರಿನ ಎಡದಂಡೆ ಕ್ಲಬ್ ಇದೇನಾ ಅನ್ನಿಸಿತು. ನಮ್ಮ ಮನೆಯವರ ಸಂಭ್ರಮವಂತೂ... ನಮ್ಮ ಬೀಜದ ಅಂಗಡಿಗೆ ಬಂದವರಿಗೆ ಮೊದಲು ಸ್ಕೋರು ಹೇಳುತ್ತಾರೆ, ಆಮೇಲೆ ರೇಟು.

ಆದರೆ ಕೋರ್ಟಿನ ಮೆಟ್ಟಿಲ ಮೇಲೆ ಇವತ್ತೂ ಮೂವರು. ಮೊದಲು ಇಬ್ಬರೇ ಇರುತ್ತಿದ್ದೆವು. ಮದುವೆಯ ಹೊಸದರಲ್ಲಿ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯದಿದ್ದಾಗ ಇವರು ನನ್ನನ್ನು ಕರೆದುಕೊಂಡು ಹೋಗಿದ್ದು ಬಾಸ್ಕೆಟ್‌ಬಾಲ್ ಕೋರ್ಟಿಗೆ. ಹೈಸ್ಕೂಲಿನಲ್ಲಿ ನಾನೂ ಆಡಿದವಳು ಅಂದಾಗ ಇವರ ಮುಖ ನೋಡಬೇಕಿತ್ತು. ಅಂದಿನಿಂದ ರವಿವಾರ ಸಂಜೆ ನಮ್ಮದು. ಆಗಿತ್ತು.

ಈಗ ಮೇಘಾ. ಗುರುಗುಂಟಾದವಳು. ಮಳೆಗಾಲದಲ್ಲಿ ಸಿಂಧನೂರಿನ ಬ್ಯಾಂಕಿಗೆ ವರ್ಗವಾಗಿ ಬಂದಳು. ಲಿಂಗಸುಗೂರು ಟೀಮಿನ ಕಟ್ಟಾ ಅಭಿಮಾನಿ. ಅವಳ ತಮ್ಮ ಸುನೀಲ ಆ ಟೀಮಿನಲ್ಲಿದ್ದಾನೆ — ಇದ್ದಾನೆ ಅಂದರೆ ಬೆಂಚಿನ ಮೇಲೆ. ಇವಳು ನಮ್ಮ ಮೆಟ್ಟಿಲ ಮೇಲೆ ಕೂತು, ನಮ್ಮ ಮಿರ್ಚಿ ತಿಂದು, ನಮ್ಮ ಟೀಮಿನಲ್ಲೇ ಹುಳುಕು ಹುಡುಕುತ್ತಾಳೆ.

"ಅಣ್ಣಾರ, ಎರಡು ಬಡಕಲು ಟೀಮ್ ಸೋಲಿಸೀರಿ. ಇಷ್ಟಕ್ಕ ಫೈನಲ್ ಫೈನಲ್ ಅಂತ ಕುಣ್ಯಾಕತ್ತೀರಿ."

"ಹದಿನಾರಕ್ಕ ಮಸ್ಕಿಯೊಳಗ ನಿಮ್ಮವರ ಜೋಡಿ ಮ್ಯಾಚ್ ಐತಲ್ಲ, ಅವತ್ತು ಮಾತಾಡು."

"ಮಾತಾಡೂಣು ಬಿಡ್ರಿ. ಆಗ ನೀವು ಮಾತಾಡ್ತೀರೋ ಇಲ್ಲೋ ನೋಡೂಣು."

ಇವರು ಕತ್ತು ಹಿಂದೆ ಹಾಕಿ ನಕ್ಕರು. ಆ ನಗು ನಾನು ನೋಡಿ ಎಷ್ಟು ದಿನವಾಯಿತು? ನನ್ನ ಕೈಯಲ್ಲಿ ಮಿರ್ಚಿಯ ಪೊಟ್ಟಣ. ಇಬ್ಬರಿಗೂ ಹಂಚುತ್ತ ಕೂತಿದ್ದೆ.

ಇವರನ್ನು ಅಣ್ಣ ಎನ್ನುತ್ತಾಳೆ. ಅನುಮಾನ ಪಡುವುದಕ್ಕೂ ಜಾಗ ಇಟ್ಟಿಲ್ಲ.

ನವೆಂಬರ್ 6, ಬುಧವಾರ

ಊಟಕ್ಕೆ ಕೂತಾಗ ಇವರ ಫೋನು ಟುಂಯ್ ಎಂದಿತು. ಓದಿ ನಕ್ಕರು. ರೊಟ್ಟಿ ಬಿಟ್ಟು ಒಂದೇ ಕೈಯಲ್ಲಿ ಟೈಪ್ ಮಾಡಿದರು. ಮತ್ತೆ ಟುಂಯ್.

"ಯಾರ್ರಿ?"

"ಮೇಘಾ. ನಮ್ಮ ರಾಜೇಶಗ ಕರೆಂಟ್ ಕಂಬ ಅಂತ ಹೆಸರಿಟ್ಟಾಳ ನೋಡು!"

ರಾಜೇಶ ಈ ವರ್ಷ ಮಸ್ಕಿಯಿಂದ ಬಂದ ಹುಡುಗ. ಟೀಮಿನಲ್ಲಿ ಎಲ್ಲರಿಗಿಂತ ಎತ್ತರ. ಅವನಿಂದಲೇ ಫೈನಲ್ ಎಂದು ಇವರ ಲೆಕ್ಕ.

ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಹೇಗಿದೆ ಎಂದು ಕೇಳಿದರೆ "ಹೂಂ" ಅಂದರು. ಹೂಂ.

ನವೆಂಬರ್ 10, ರವಿವಾರ

ಇವತ್ತು ಮ್ಯಾಚ್ ಇಲ್ಲ. ಇವರೇ ಊಟಕ್ಕೆ ಕರೆದಿದ್ದರು ಅವಳನ್ನು. ನನ್ನನ್ನು ಕೇಳಿ ಕರೆದರು — ಅದೂ ನಿಜ. ಬೇಡ ಅನ್ನಬಹುದಿತ್ತು. ಕರೀರಿ ಅಂದೆ.

ರೊಟ್ಟಿ ಬಡಿಸುತ್ತ ಅತ್ತೆ ಕೇಳಿದರು, "ಯಾರ ಪೈಕಿಯವ್ವಾ ನೀವು?"

"ಲಿಂಗಸುಗೂರು ಪೈಕಿ ಯವ್ವಾ, ನಮಗೂ ಅವರಿಗೂ ಕೂಡಂಗಿಲ್ಲ" ಎಂದು ಇವರು ನಕ್ಕು ಮಾತು ಹಾರಿಸಿದರು.

ಮೇಘಾ ಹಾರಿಸಲಿಲ್ಲ. "ನಮ್ಮ ಮನ್ಯಾಗ ಬುದ್ಧನ ಫೋಟೋ ಐತ್ರಿ ಅಮ್ಮಾ. ಅಂಬೇಡ್ಕರರದೂ ಐತಿ" ಎಂದು ಸೀದಾ ಹೇಳಿ ಪಲ್ಯಕ್ಕೆ ಕೈ ಹಾಕಿದಳು. ಅತ್ತೆ ಅವಳ ತಟ್ಟೆ ನೋಡಿದರು. ಆಮೇಲೆ ಇನ್ನೊಂದು ರೊಟ್ಟಿ ಹಾಕಿದರು. "ತಿನ್ನವ್ವ. ಬಾಡಿಗಿ ಮನ್ಯಾಗ ಏನು ಮಾಡ್ಕೊಂತಿಯೋ ಏನೋ."

ಈ ಮನೆಯಲ್ಲಿ ಅತ್ತೆಯ ಪ್ರಶ್ನೆಗೆ ಹೀಗೆ ಉತ್ತರ ಕೊಡಲು ನನಗೆ ಇನ್ನೂ ಬಂದಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಊಟವಾದ ಮೇಲೆ ಪಡಸಾಲೆಯಲ್ಲಿ ಚಹಾದ ಕಪ್ಪುಗಳನ್ನು ಆಟಗಾರರನ್ನಾಗಿ ಮಾಡಿ ನೆಲದ ಮೇಲೆ ಜೋಡಿಸಿದರು ಇಬ್ಬರೂ. ದೊಡ್ಡ ಲೋಟ ರಾಜೇಶ.

"ಈತ ಬಾಸ್ಕೆಟ್ ಕೆಳಗ ನಿಂತ್ರ ತಪ್ಪಿ ಪುಟಿದ ರಿಬೌಂಡ್ ಸಿಗ್ತಾವ, ಖರೆ. ಆದರ ಚೆಂಡು ಆತನ ತನಕ ತಂದುಕೊಡೋರು ಯಾರು? ಇಬ್ಬರು ಮೈಮ್ಯಾಲೆ ಬಿದ್ರ ನಿಮ್ಮ ಹುಡುಗರು ಕಣ್ಣು ಮುಚ್ಚಿ ಒಗಿತಾರ. ಫೌಲ್ ಮಾಡಿದ್ರಂತೂ ಮುಗೀತು, ಈತಗ ಫ್ರೀ ಥ್ರೋ ಬರಂಗಿಲ್ಲ."

ಅದೇ ಮಾತು. ನಾನು ಮೊದಲ ಮ್ಯಾಚಿನಿಂದ ಮನಸ್ಸಿನಲ್ಲಿ ಅಂದುಕೊಂಡ ಅದೇ ಮಾತು. ಅವಳ ಬಾಯಲ್ಲಿ! ಇವರ ಕಣ್ಣು ಹೊಳೆಯುತ್ತಿತ್ತು. ಅರ್ಧ ಸಿಟ್ಟು, ಅರ್ಧ ಖುಷಿ.

"ಸುಳ್ಳು! ದಾನೂ, ನೀ ಹೇಳು. ಫೈನಲ್ಲಿಗೆ ಹೋಗ್ತೀವಿಲ್ಲೋ?"

"ಹೌದ್ರಿ" ಅಂದೆ.

"ನೋಡು, ನನ್ನ ಹೆಂಡತಿ ಯಾವತ್ತೂ ನನ್ನ ಕಡೇನ."

ಮೇಘಾ ನನ್ನನ್ನು ನೋಡಿದಳು. ಏನೋ ಕೇಳುವವಳಂತೆ. ನಾನು ಕಪ್ಪುಗಳನ್ನೆಲ್ಲ ಎತ್ತಿಕೊಂಡು ಒಳಗೆ ಬಂದೆ. ಅವರ ಆಟ ಅರ್ಧಕ್ಕೆ ನಿಂತಿತು. ಸಮಾಧಾನವಾಯಿತು — ಬರೆಯಲು ನಾಚಿಕೆ, ಆದರೂ ಆಯಿತು.

ನವೆಂಬರ್ 16, ಶನಿವಾರ. ಮಧ್ಯಾಹ್ನ 12.30

ಸಂಜೆ ಐದೂವರೆಗೆ ಮಸ್ಕಿಯಲ್ಲಿ ಮ್ಯಾಚ್. ನಾಲ್ಕಕ್ಕೆ ಮೇಘಾ ಬ್ಯಾಂಕಿನಿಂದ ಬಂದರೆ ಮೂವರೂ ನಮ್ಮ ಕಾರಿನಲ್ಲಿ. ಹಾಗೆಂದು ಮಾತಾಗಿತ್ತು.

ಈಗ ಕ್ಲಬ್ಬಿನ ಸೆಕ್ರೆಟರಿ ಇಮಾಮ್‌ಸಾಬರ ಫೋನು.

"ಅಮ್ಮಾರ, ಮಸ್ಕಿ ಕೋರ್ಟಿನ ಲೈಟ್ ಕೆಟ್ಟಾವಂತ. ಮ್ಯಾಚ್ ಮೂರೂವರಿಗೆ ತಂದಾರ. ಸಾವುಕಾರ್ರು ಫೋನ್ ಎತ್ತವಲ್ಲರು, ನೀವ ಹೇಳಿಬಿಡ್ರಿ. ಆ ಬ್ಯಾಂಕ್ ಮೇಡಮ್ಮಗೂ. ನಿಮ್ಮ ಜೋಡಿನ ಬರ್ತಾರಲ್ಲ."

"ಹೇಳ್ತೀನ್ರಿ" ಅಂದೆ.

ಇವರಿಗೆ ಹೇಳಿದೆ. ಅಂಗಡಿ ಮುಚ್ಚಿ ಬರುತ್ತಿದ್ದಾರೆ.

1.45

ಇನ್ನೂ ಫೋನ್ ಮಾಡಿಲ್ಲ. ಮಾಡಬೇಕು. ಬ್ಯಾಂಕಿನಲ್ಲಿ ಅವಳ ಫೋನು ಡ್ರಾಯರಿನಲ್ಲಿರುತ್ತದೆ, ಎತ್ತುವುದಿಲ್ಲ. ದಾರಿಯಲ್ಲೇ ಬ್ಯಾಂಕು. ಇಳಿದು ಹೇಳಿದರೆ ಎರಡು ನಿಮಿಷದ ಕೆಲಸ.

ಅವಳ ತಮ್ಮ ಹೇಗೂ ಆಡುವುದಿಲ್ಲ. ಬೆಂಚಿನ ಮೇಲೆ ಕೂತವನನ್ನು ನೋಡಿ ಏನಾಗಬೇಕು.

ಇವರು ಬಂದರು. "ಮೇಘಾಗ ಹೇಳಿದೇನು?"

"ಕೆಲಸ ಭಾಳ ಐತಂತ್ರಿ. ಆಮ್ಯಾಲ ಬಸ್ಸಿಗೆ ಬರ್ತಾಳಂತ."

ಎಷ್ಟು ಸಲೀಸಾಗಿ ಬಂತು ಬಾಯಿಗೆ...

ನವೆಂಬರ್ 17, ರವಿವಾರ

ನಿನ್ನೆ ಬರೆಯಲು ಆಗಲಿಲ್ಲ.

ಕಾರಿನಲ್ಲಿ ಇಬ್ಬರೇ. ಪಾಮನಕಲ್ಲೂರಿನ ಜೋಳದ ಹೊಲಗಳ ಸುದ್ದಿ ತೆಗೆದರು ಇವರು. ಹೌದ್ರಿ ಅಂದೆ. ಹೀಗೆ ಇಬ್ಬರೇ ಇರಲೆಂದೇ ನಾನು ಸುಳ್ಳು ಹೇಳಿದ್ದೆ, ಆದರೆ ಮಸ್ಕಿ ಬರುವ ತನಕ ನಮಗೆ ಮಾತು ಸಿಗಲಿಲ್ಲ.

ಜನ ತುಂಬಿತ್ತು. ಸಿಂಧನೂರು ಒಂದು ಕಡೆ, ಲಿಂಗಸುಗೂರು ಒಂದು ಕಡೆ, ನಡುವೆ ಎರಡೂ ಕಡೆಯವರನ್ನು ಬೈಯುವ ಮಸ್ಕಿಯವರು. ವಾರ್ಮಪ್ ಬಿಟ್ಟು ಒಬ್ಬ ಸಪೂರ ಹುಡುಗ ನನ್ನ ಹತ್ತಿರ ಓಡಿ ಬಂದ. ಸುನೀಲ.

"ಅಕ್ಕಾರ, ನಮ್ಮಕ್ಕ ಎಲ್ಲ್ಯದಾಳ್ರಿ?"

"ಬರಾಕತ್ತಾಳಪ್ಪ."

ಮೊದಲರ್ಧ ನಮ್ಮದೇ. ರಾಜೇಶ ಎಲ್ಲ ರಿಬೌಂಡ್ ಬಾಚಿದ. ಮೂರನೇ ಕ್ವಾರ್ಟರಿನಲ್ಲಿ ಅವರ ಮುಖ್ಯ ಹುಡುಗನ ಕಾಲು ಉಳುಕಿತು. ಬೆಂಚಿನಿಂದ ಎದ್ದವನು ಸುನೀಲ.

ಒಳಗೆ ಬಂದವನು ಮೊದಲು ಚೆಂಡು ನೋಡಲಿಲ್ಲ. ನಮ್ಮ ಕಡೆ ನೋಡಿದ. ನನ್ನ ಪಕ್ಕದ ಖಾಲಿ ಜಾಗ ನೋಡಿದ.

ಆಮೇಲೆ ನಮ್ಮವರು ಕುಸಿದರು. ಇಬ್ಬರು ಮೈಮೇಲೆ ಬಿದ್ದರೆ ಕಣ್ಣು ಮುಚ್ಚಿ ಎಸೆದರು. ರಾಜೇಶ ನಾಲ್ಕು ಫ್ರೀ ಥ್ರೋ ಕೆಡಿಸಿದ. ಎಲ್ಲವೂ ಮೇಘಾ ಹೇಳಿದಂತೆಯೇ. ನಾನು ಹೇಳದೆ ನುಂಗಿದಂತೆಯೇ. ಕೊನೆಯ ಗಳಿಗೆಯಲ್ಲಿ ನಾವು ಒಂದು ಪಾಯಿಂಟ್ ಮುಂದಿದ್ದೆವು. ಚೆಂಡು ಸುನೀಲನ ಕೈಗೆ ಬಂತು. ಬಾಸ್ಕೆಟ್ ಹಾಕಿದ. ಸೀಟಿ. ಅವರು ಗೆದ್ದರು.

ಹುಡುಗರು ಅವನನ್ನು ಎತ್ತಿ ಕುಣಿದರು. ಅವನು ಮೇಲಿಂದಲೇ ನಮ್ಮ ಕಡೆ ಕತ್ತು ಹೊರಳಿಸಿ ಹೊರಳಿಸಿ ಹುಡುಕುತ್ತಿದ್ದ.

ಮೇಘಾ ಬಂದಾಗ ಜನ ಮನೆಗೆ ಹೊರಟಿದ್ದರು. ನಮ್ಮ ಮನೆಗೆ ಹೋಗಿ, ನಾವು ಹೊರಟುಹೋದದ್ದು ಅತ್ತೆಯಿಂದ ತಿಳಿದು, ಬಸ್ ಹಿಡಿದು ಬಂದಿದ್ದಳು. ಗೇಟಿನಿಂದ ಓಡಿ ಬಂದು ಖಾಲಿ ಕೋರ್ಟಿನ ಮುಂದೆ ನಿಂತಳು. ಸುನೀಲ ಎದುರಿಗೇ ಸಿಕ್ಕ.

"ಎಲ್ಲಿ ಹೋಗಿದ್ದೀ ಅಕ್ಕಾ? ನಾ ಆಡಿದ್ನೆ! ನಾನ ಗೆಲ್ಲಿಸಿದ್ನೆ!"

ಅವಳು ಅವನ ಬೆವತ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವನ ತಲೆಯ ಮೇಲಿಂದ ನನ್ನನ್ನು ನೋಡಿದಳು.

"ಟೈಮ್ ಬದಲಾಗಿದ್ದು ನಿಮಗ ಗೊತ್ತಿತ್ತೇನ್ರಿ ಅಕ್ಕಾರ?"

ಇವರು ಪಕ್ಕದಲ್ಲೇ ಇದ್ದರು.

"ಫೋನ್ ಹಚ್ಚಿದ್ದೆ... ಹತ್ತಲಿಲ್ಲ."

ಅವಳು ಫೋನು ತೆಗೆದು ನೋಡಿದಳು. ಮತ್ತೆ ಬ್ಯಾಗಿನಲ್ಲಿ ಇಟ್ಟಳು. ತಮ್ಮನ ಕೈ ಹಿಡಿದು ಲಿಂಗಸುಗೂರಿನವರ ಗಾಡಿಯ ಕಡೆ ನಡೆದಳು.

ಇವರು ಕಾರಿನ ಬಾಗಿಲು ತೆಗೆದು, ನಾನು ಕೂರುವ ತನಕ ಹೊರಗೆ ನೋಡುತ್ತ ನಿಂತಿದ್ದರು.

ನವೆಂಬರ್ 24, ರವಿವಾರ

ವಾರವೆಲ್ಲ ಬರೆಯುವಂಥದ್ದೇನೂ ಇಲ್ಲ. ಉಪ್ಪು, ಚಹಾ, ಅಂಗಡಿ ಕೀಲಿ — ಅಷ್ಟಕ್ಕೇ ಮಾತು.

ಸಂಜೆ ಇವರು ಒಬ್ಬರೇ ಕೋರ್ಟಿಗೆ ಹೋದರು. ಮ್ಯಾಚ್ ಮುಗಿಯುವ ಮೊದಲೇ ಬಂದರು. ಅವಳು ಬಂದಿರಲಿಲ್ಲವಂತೆ.

ಕುರ್ಚಿಯಲ್ಲಿ ಕೂತು ಕೇಳಿದರು. "ನಿನಗ ಗೊತ್ತಿತ್ತು. ಬೇಕಂತನ ಹೇಳಲಿಲ್ಲ. ಹೌದಿಲ್ಲೋ?"

"ಹೌದು."

"ಯಾಕ ದಾನು?"

"ನೀವು ಆಕಿ ಜೋಡಿ ಮಾತಾಡೋ ಮುಂದ ನಾ ಅಲ್ಲಿ ಇದ್ರೂ ಇಲ್ಲದಂಗ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ನೀ ಎಲ್ಲಿ ಮಾತಾಡ್ತಿ? ನಾ ಏನಂದ್ರೂ ಹೌದ್ರಿ ಅಂತಿ. ಆಕಿ ಅಲ್ಲ ಅಂತಾಳ. ಅಲ್ಲ ಅಂದ್ರ ಮಾತು ಬೆಳಿತೈತಿ. ಗ್ವಾಡಿ ಜೋಡಿ ಎಷ್ಟಂತ ಮಾತಾಡ್ಲಿ ನಾನು?"

ಗೋಡೆ! ಮೈ ಉರಿದುಹೋಯಿತು.

"ಹಂಗಾರ ಕೇಳ್ರಿ. ನಿಮ್ಮ ರಾಜೇಶ ನಿಮ್ಮನ್ನ ಫೈನಲ್ಲಿಗೆ ಒಯ್ಯಂಗಿಲ್ಲ. ಚೆಂಡು ತರೋ ಹುಡುಗರಿಗೆ ಎಡಗೈ ಆಟ ಅನ್ನೋದೇ ಇಲ್ಲ. ಲಿಂಗಸುಗೂರಿನವರು ಅದನ್ನ ನೋಡೇ ಬಲಕ್ಕ ಅಡ್ಡ ಹಾಕಿದ್ರು. ಈ ಸೀಸನ್ ನಾಕನೇ ನಂಬರ್ ಬಂದ್ರ ದೊಡ್ಡದು. ಮೊದಲ್ನೇ ಮ್ಯಾಚಿನಿಂದ ನನಗ ಗೊತ್ತೈತಿ!"

"ಗೊತ್ತಿದ್ದು ಯಾಕ ಹೇಳಲಿಲ್ಲ?"

"ನಿಮ್ಮ ಮುಖ ಸಣ್ಣದಾಗ್ತೈತಂತ!"

ಅತ್ತೆ ಒಳಗಿನಿಂದ ಓಡಿ ಬಂದರು. "ಏನಾತ್ರೆಪಾ? ಯಾಕ ಬಡದಾಡಾಕತ್ತೀರಿ?"

"ಬಾಸ್ಕೆಟ್‌ಬಾಲ್ ಯವ್ವಾ" ಅಂದರು ಇವರು. ಅವರ ಮುಖ ಸಣ್ಣದಾಗಿರಲಿಲ್ಲ. ಊಟ ಆರುವ ತನಕ ಜಗಳಾಡಿದೆವು. ಕೊನೆಗೆ ಅಂದರು, "ನನಗ ನೀ ಸುಳ್ಳು ಹೇಳಿದ್ದು ನಾ ಮರಿಬಹುದು. ಆ ಹುಡುಗಿಗೆ ಏನು ಹೇಳ್ತಿ?"

ನವೆಂಬರ್ 30, ಶನಿವಾರ

ಬ್ಯಾಂಕಿಗೆ ಹೋದೆ. ಮೇಘಾ ಕೌಂಟರಿನಲ್ಲಿದ್ದಳು. "ಏನಾಗಬೇಕಿತ್ರಿ?" ಎಂದಳು, ಪರಿಚಯವೇ ಇಲ್ಲದವಳಂತೆ. ನಿಂತೇ ಇದ್ದೆ. ಊಟದ ಹೊತ್ತಿಗೆ ಅವಳೇ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

"ಬೇಕಂತನ ಹೇಳಲಿಲ್ಲ ನಾನು. ಫೋನ್ ಹಚ್ಚಿದ್ದೆ ಅಂದಿದ್ದೂ ಸುಳ್ಳು. ನಿನ್ನ ಮ್ಯಾಲೆ ಹೊಟ್ಟಿಕಿಚ್ಚು ನನಗ. ತಪ್ಪಾತು."

"ಗೊತ್ತೈತ್ರಿ."

ಡಬ್ಬಿ ಬಿಚ್ಚಿದಳು, ತಿನ್ನಲಿಲ್ಲ. "ಅಪ್ಪ ಹೋದ ಮ್ಯಾಲೆ ಸುನೀಲನ್ನ ಕೋರ್ಟಿಗೆ ಕರಕೊಂಡು ಹೋದಾಕಿ ನಾನು. ಮೂರು ವರ್ಷ ಬೆಂಚ್ ಕಾದಾನ. ಇನ್ನ ಸಾವಿರ ಬಾಸ್ಕೆಟ್ ಹಾಕ್ತಾನ ಬಿಡ್ರಿ. ಮೊದಲ್ನೇದು ಅದೊಂದೇ ಅಲ್ಲೇನ್ರಿ? ಸಿಟ್ಟು ಹೋಗಿಲ್ಲ ನನಗ. ಹೋಗ್ತೈತೋ ಇಲ್ಲೋ ಅದೂ ಗೊತ್ತಿಲ್ಲ."

ಏಳಬೇಕೆಂದುಕೊಂಡೆ. ಆಗ ಕೇಳಿದಳು, ನನ್ನನ್ನು ನೋಡದೆ.

"ನೀವು ನೋಡೀರಲ್ಲ. ಹೆಂಗ ಹಾಕಿದ ಹೇಳ್ರಿ. ಆತನ್ನ ಕೇಳಿದ್ರ, ಹಾಕಿದೆ ಅಷ್ಟ, ಅಂತಾನ."

ಹೇಳಿದೆ. ಮೆಟ್ಟಿಲ ಧೂಳಿನಲ್ಲಿ ಬೆರಳಿನಿಂದ ಕೋರ್ಟ್ ಗೀಚಿ ಹೇಳಿದೆ. ಬಲಮೂಲೆಯಲ್ಲಿ ಚೆಂಡು ಹಿಡಿದದ್ದು. ಪಾಸ್ ಕೊಡುವವನಂತೆ ಕಣ್ಣು ಆಚೆ ಹೊರಳಿಸಿದ್ದು. ನಮ್ಮವನು ನಂಬಿ ಒಂದು ಹೆಜ್ಜೆ ಸರಿದದ್ದು. ಆ ಸಂದಿಯಲ್ಲಿ ನುಗ್ಗಿದ್ದು. ಎದುರಿಗೆ ಕಂಬದಂತೆ ರಾಜೇಶ. ಅವನ ಎರಡೂ ಕೈ ಮೇಲೆ. ಹುಡುಗ ನೆಗೆದ ಮೇಲೆ, ಗಾಳಿಯಲ್ಲೇ, ಚೆಂಡನ್ನು ಬಲಗೈಯಿಂದ ಎಡಗೈಗೆ ತಂದು ಬೋರ್ಡಿನ ಮೂಲೆಗೆ ಮುಟ್ಟಿಸಿದ್ದು. ರಿಂಗಿನ ಮೇಲೆ ಒಂದು ಸುತ್ತು ತಿರುಗಿ ಒಳಗೆ ಬಿದ್ದದ್ದು.

"ಎಡಗೈಲೆ?"

"ಎಡಗೈಲೆ."

ಕಣ್ಣು ಮುಚ್ಚಿಕೊಂಡಿದ್ದಳು. "ಅದು ನಾ ಕಲಿಸಿದ್ದು" ಎಂದಳು. ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಒಳಗೆ ಹೋಗುವಾಗ ಕೇಳಿದಳು, "ಇಷ್ಟು ನೋಡ್ತೀರಿ. ಮತ್ತ ಯಾಕ ಬರೇ ಮಿರ್ಚಿ ಹಂಚ್ಕೊಂತ ಕೂಡ್ತಿದ್ರಿ?"

ಬಿಸಿಲಲ್ಲಿ ನಡೆದೇ ಮನೆಗೆ ಬಂದೆ.

ಡಿಸೆಂಬರ್ 8, ರವಿವಾರ

ಇವತ್ತು ಲಿಂಗಸುಗೂರಿನಲ್ಲಿ ಮರು ಮ್ಯಾಚ್. ನಡುವೆ ಇನ್ನೆರಡು ಸೋತಿದ್ದೇವೆ. ಫೈನಲ್ ಎನ್ನುವುದನ್ನು ಇವರು ಬಿಟ್ಟಿದ್ದಾರೆ. ಈಗ ಮೂರನೆಯ ಸ್ಥಾನ ಎನ್ನುತ್ತಾರೆ. ನಾನು ನಾಲ್ಕಕ್ಕಿಂತ ಮೇಲೆ ಒಪ್ಪುವುದಿಲ್ಲ.

ಇವರು ಹೊರಗೆ ಕಾರು ಒರೆಸುತ್ತಿದ್ದಾರೆ. ಇಸ್ತ್ರಿ ಮಾಡಿದ ಅಂಗಿ. ಕಿಟಕಿಯಿಂದಲೇ ಕೂಗಿ ಹೇಳಿದರು, "ಸುನೀಲ ಇವತ್ತು ಮೊದಲಿಂದ ಆಡೋ ಐದು ಮಂದ್ಯಾಗ ಅದಾನಂತ!"

"ಯಾರು ಹೇಳಿದ್ರು?"

"ಮೇಘಾ ಮೆಸೇಜ್ ಹಾಕ್ಯಾಳ."

ನನಗೆ ಹಾಕಿಲ್ಲ. ಹೊಟ್ಟೆಯಲ್ಲಿ ಮತ್ತೆ ಅದೇ ಉರಿ. ಅದು ಎಲ್ಲಿಗೂ ಹೋಗಿಲ್ಲ. ಅವಳು ಇವತ್ತು ಅವಳ ಜನರ ಕಡೆ ಕೂರುತ್ತಾಳೆ. ನಮ್ಮ ಹತ್ತಿರ ಬರುತ್ತಾಳೋ ಇಲ್ಲವೋ. ಬಂದರೆ ಎಲ್ಲಿ ಕೂರಿಸಲಿ... ನಡುವೆ? ಇಲ್ಲ. ನಡುವೆ ನಾನೇ.

"ಸುನೀಲನ್ನ ಹಿಡಿಯೋರು ಯಾರ್ರಿ?" ಕೇಳಿದೆ.

"ರಾಜೇಶನ್ನ ಹಾಕೂಣು ಅಂತ ಇಮಾಮ್‌ಸಾಬ್ರು—"

"ತಲಿ ಕೆಟ್ಟೈತೇನು ಅವರಿಗೆ?"

ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಒಳಗೇ ಬಂದುಬಿಟ್ಟಿದ್ದಾರೆ. ಚಪ್ಪಲಿಯನ್ನೂ ಬಿಟ್ಟಿಲ್ಲ. "ಹಂಗಾರ ನೀ ಹೇಳು" ಎನ್ನುತ್ತಿದ್ದಾರೆ. ಪೆನ್ನು ಇಡಬೇಕು. ಆ ಹುಡುಗನನ್ನು ತಡೆಯಬೇಕಾದರೆ ಮೊದಲು...