ಕರಿಕಮಾನಿನ ಬಯಲಿನಲ್ಲಿ ಯಾರೂ ಇಲ್ಲ

ವಿಜಯಪುರ
೨೦ ಫೆಬ್ರುವರಿ ೨೦೨೫, ಗುರುವಾರ ಮಧ್ಯಾಹ್ನ

ಪ್ರೀತಿಯ ಆಶಾ,

ನಿನಗೂ ನಿನ್ನ ಮನೆಯವರಿಗೂ, ಒಣದ್ರಾಕ್ಷಿ ಶೆಡ್ಡಿನಲ್ಲಿ ನಿನ್ನ ಪಕ್ಕ ಕೂತು ಕಡ್ಡಿ ಆರಿಸುವ ಗೆಳತಿಯರಿಗೂ ನನ್ನ ನೆನಪು ತಿಳಿಸು. ಈ ಸೀಜನ್ನಿನಲ್ಲಿ ನಿನ್ನ ಬೆನ್ನು ಹೇಗಿದೆಯೋ ಎಂದು ಯೋಚಿಸುತ್ತೇನೆ. ಯೋಚಿಸುತ್ತೇನೆ, ಕೇಳುವುದಿಲ್ಲ. ಎರಡು ವಾರದಲ್ಲಿ ನೀನು ಮೂರು ಸಲ ವಾಯ್ಸ್ ಮೆಸೇಜ್ ಕಳಿಸಿದೆ. ಮೂರನ್ನೂ ಕೇಳಿದೆ, ಒಂದಕ್ಕೂ ಉತ್ತರ ಕೊಡಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ ಎಂದು ಬರೆಯಬಹುದು, ಅದು ಸುಳ್ಳೂ ಅಲ್ಲ. ಆದರೆ ಕಾರಣ ಅದಲ್ಲ. ಮೂರನೆಯ ಸಲ ನನ್ನ ಬಗ್ಗೆ ನೀನು ಹೇಳಿದ್ದು ಇಷ್ಟು: "ಅಮ್ಮಾ ಭಾಳ ಖುಷಿ ಅದಾಳ ಬೇ. ಮೀಟಿಂಗಿಗೆ ಆಮ್ರಿ ಬಂದಿದ್ಲು, ನನ್ನ ಬಾಜೂಕ ಕುಂತಿದ್ಲು ಅಂತ ಓಣಿ ತುಂಬಾ ಹೇಳ್ಕೋತ ಅಡ್ಡಾಡಾಕತ್ತಾಳ." ಅದನ್ನು ಕೇಳಿದ ಮೇಲೆ ನಿನಗೆ ಫೋನ್ ಮಾಡುವ ಧೈರ್ಯ ಉಳಿಯಲಿಲ್ಲ. ನೀನು ಮದುವೆಯಾಗಿ ತಿಕೋಟಾಕ್ಕೆ ಹೋದ ಹೊಸದರಲ್ಲಿ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆ ಬರೆಯುತ್ತಿದ್ದೇನೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಇವರಿಗೆ ಮೊಣಕಾಲು ನೋವು, ಮೆಟ್ಟಿಲು ಕಂಡರೆ ಬೈಯುತ್ತಾರೆ. ಮಗಳು ಧಾರವಾಡದಿಂದ ಹಬ್ಬಕ್ಕೆ ಬರುತ್ತೇನೆಂದಿದ್ದಾಳೆ. ಸೋಲಾಪುರ ರಸ್ತೆಯ ನಮ್ಮ ಬಡಾವಣೆಗೆ ಈಗ ದಿನ ಬಿಟ್ಟು ದಿನ ನೀರು ಬರುತ್ತದೆ. ಸುದ್ದಿ ಇಷ್ಟೇ.

ಇನ್ನು ಸಭೆಯ ಮಾತು. ಆ ದಿನ ನಿಮ್ಮ ಶೆಡ್ಡಿಗೆ ಮಾಲು ಬಂದು ನಿನಗೆ ಬರಲಾಗಲಿಲ್ಲ. ನಿನ್ನ ತಮ್ಮ ಇರ್ಫಾನ ನಿನಗೆ ಅರ್ಧ ಹೇಳಿರುತ್ತಾನೆ, ಉಳಿದರ್ಧ ಅವನಿಗೇ ಗೊತ್ತಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ಆರನೆಯ ತಾರೀಖು, ನಾವಿಬ್ಬರೂ ಓದಿದ ಶಾಲೆಯ ಪಡಸಾಲೆಯಲ್ಲೇ ಸಭೆ. ಗೋಡೆಗೆ ನಮ್ಮ ಬಯಲಿನಲ್ಲಿ ಕಟ್ಟಬೇಕೆಂದಿರುವ ಕ್ರೀಡಾಂಗಣದ ದೊಡ್ಡ ಚಿತ್ರ ಅಂಟಿಸಿದ್ದರು. ಹಸಿರು ಹುಲ್ಲು, ಕೆಂಪು ಓಟದ ದಾರಿ, ಒಂದು ಮೂಲೆಯಲ್ಲಿ ನಮ್ಮ ಕರಿಕಮಾನು, ತೊಳೆದು ಒರೆಸಿ ಇಟ್ಟ ಹಾಗೆ. ಕಮಾನಿಗೆ ಒರಗಿಕೊಂಡಿರುವ ಹನ್ನೊಂದು ತಗಡಿನ ಮನೆಗಳು ಆ ಚಿತ್ರದಲ್ಲಿರಲಿಲ್ಲ. ನಿನ್ನ ಅಮ್ಮ ಮಕ್ತುಮಬಿ ಖಾಲಾ ಚಿತ್ರದ ಹತ್ತಿರ ಹೋಗಿ ಬೆರಳಿಟ್ಟು ತನ್ನ ಮನೆ ಎಲ್ಲಿ ಬರುತ್ತದೆಂದು ಹುಡುಕಿದಳು. ಬೆರಳು ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಮೇಲೆ ನಿಂತಿತು. "ನನ್ನ ಒಲಿ ಮ್ಯಾಲ ಮಂದಿ ಕುಂಡ್ರತಾರ ನೋಡು" ಎಂದು ನಕ್ಕಳು.

ಕ್ರೀಡಾಂಗಣ ಬೇಕೆಂದು ಓಡಾಡುತ್ತಿರುವವರು ಈರಯ್ಯನವರು, ಬೇರೆ ಶಾಲೆಯಲ್ಲಿದ್ದ ನಿವೃತ್ತ ಡ್ರಿಲ್ ಮಾಸ್ತರರು. ಅವರನ್ನು ಕೆಟ್ಟವರೆಂದು ತಿಳಿಯಬೇಡ. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಊರಿನ ಈ ಬದಿಗೆ ಇಲ್ಲಿಯವರೆಗೆ ಯಾವ ಸರ್ಕಾರದ ಕಣ್ಣೂ ಬಿದ್ದಿಲ್ಲ, ದೊಡ್ಡ ಗುಮ್ಮಟಗಳ ಸುತ್ತ ಹೂವಿನ ಗಿಡ, ಇಲ್ಲಿ ಕಸದ ಗುಡ್ಡ, ಹೆಣ್ಣುಮಕ್ಕಳು ಲಾರಿಗಳ ನಡುವೆ ಬೈಪಾಸಿನಲ್ಲಿ ಓಡುತ್ತಾರೆ ಎಂದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಇರ್ಫಾನ. ಅವನ ಮಗಳು ಓಡುವುದು ಅಲ್ಲೇ ತಾನೆ, ಅವನು ಹಿಂದಿನಿಂದ ಬೈಕಿನ ದೀಪ ಹಾಕಿಕೊಂಡು ಕಾಯುತ್ತಾನೆ. ಹಿರಿಯರೊಬ್ಬರು ಎದ್ದು ಬಾದಶಹರ ಕಾಲದ ಕಮಾನಿಗೆ ಕೈ ಹಚ್ಚಬಾರದು ಎಂದರು. ಕಮಾನು ನೋಡಿದರೆ ಹೊಟ್ಟೆ ತುಂಬುತ್ತದೇನು ಎಂದು ಹಿಂದಿನಿಂದ ಒಬ್ಬ ಕೇಳಿದ. ಓಡಿದರೆ ತುಂಬುತ್ತದೇನು, ಇನ್ನೂ ಹಸಿಯುತ್ತದೆ ಎಂದು ಆ ಹಿರಿಯರು ತಿರುಗಿ ಕೇಳಿದರು. ಹೀಗೇ ಒಂದು ತಾಸು.

ಆಮೇಲೆ ಇರ್ಫಾನ ಎದ್ದ. ಅವನು ಅಷ್ಟು ಸರಿಯಾಗಿ ಮಾತಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ. "ಸ್ಟೇಡಿಯಂ ಬ್ಯಾಡ ಅನ್ನಂಗಿಲ್ರಿ ನಾವು. ಆದ್ರ ಇಲ್ಲಿ ಹನ್ನೊಂದು ಮನಿ ಅದಾವ ಅಂತ ಮೊದಲ ಬರ್ಕೋರಿ. ಬರಕೊಂಡ ಮ್ಯಾಲ ನಮಗ ಎಲ್ಲಿ ಜಾಗಾ ಕೊಡ್ತೀರಿ ಅನ್ನೂದು ಮಾತಾಡೂಣು."

ಸಭೆ ನಡೆಸುತ್ತಿದ್ದ ಅಧಿಕಾರಿ ಫೈಲು ತಿರುವಿ ನೋಡಿದರು. ಫೈಲಿನಲ್ಲಿ ಬಯಲನ್ನು ಬಳಕೆಯಿಲ್ಲದ ಜಾಗ ಎಂದು ಬರೆದಿದೆಯಂತೆ. ಹದಿನೈದು ವರ್ಷಕ್ಕಿಂತ ಹಿಂದಿನಿಂದ ಇದ್ದೀರೆನ್ನಲು ಆಧಾರ ಕೊಟ್ಟರೆ ಬೇರೆ ಜಾಗದ ವಿಚಾರ ಮಾಡಬಹುದು, ಇಲ್ಲವಾದರೆ ಇತ್ತೀಚೆಗೆ ಬಂದು ಕೂತವರೆಂದೇ ಲೆಕ್ಕ ಎಂದರು. ರೇಷನ್ ಕಾರ್ಡು ತೋರಿಸಿದರೆ ಅದರಲ್ಲಿ ಓಣಿಯ ಹೆಸರಿದೆ, ಬಯಲಿನದಿಲ್ಲ. ಕರೆಂಟು ಪಕ್ಕದ ಮನೆಯ ಮೀಟರಿನದು. ಖಾಲಾ ನನ್ನ ಮೊಣಕೈ ಮೆಲ್ಲಗೆ ತಿವಿದಳು.

ಆಧಾರ ನಾನೇ ಆಗಿದ್ದೆನಲ್ಲ ಆಶಾ. ನೀನು ಕೇಳಿದ ಹಾಗೆ ಎರಡು ಪುಟದ ತಕರಾರು ಅರ್ಜಿ ಬರೆದುಕೊಂಡು ಹೋಗಿದ್ದೆ. ನನ್ನ ಅಪ್ಪ ಭಾಗಪ್ಪ ಘೋಣಸಗಿಯಿಂದ ಕೂಲಿಗೆ ಬಂದು ಆ ಹನ್ನೊಂದರಲ್ಲಿ ಒಂದು ಮನೆಯಲ್ಲಿದ್ದದ್ದು, ನಾನು ಅಲ್ಲೇ ಹುಟ್ಟಿ ಎಸ್ಸೆಸ್ಸೆಲ್ಸಿಯವರೆಗೆ ಅಲ್ಲೇ ಬೆಳೆದದ್ದು, ಎಲ್ಲ ಅದರಲ್ಲಿತ್ತು. ಎದ್ದು ಓದಿದ್ದರೆ ಮುಗಿಯುತ್ತಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಪ್ರಿನ್ಸಿಪಾಲರು ಕೂತಿದ್ದರು, ಬಡಾವಣೆಯ ಇಬ್ಬರು ಹೆಂಗಸರೂ ಇದ್ದರು. ಇನ್ನೊಬ್ಬರು ಯಾರಾದರೂ ಮಾತಾಡಿ ಮುಗಿಸಲಿ, ಆಮೇಲೆ ಏಳುತ್ತೇನೆ ಎಂದುಕೊಂಡೆ.

ಆಗ ಈರಯ್ಯನವರು ಒಂದು ಝೆರಾಕ್ಸ್ ಹಾಳೆ ತೆಗೆದರು. ಹದಿನಾರು ವರ್ಷದ ಹಿಂದಿನ ಸ್ಮರಣ ಸಂಚಿಕೆಯೊಂದರಲ್ಲಿ ಸಿಕ್ಕಿತಂತೆ. ಬರೆದವರ ಹೆಸರಿದ್ದ ಮೇಲಿನ ಅಂಚು ಝೆರಾಕ್ಸಿನಲ್ಲಿ ಬಂದಿಲ್ಲ, ಯಾರೇ ಆಗಲಿ ಅವರ ಕೈಗೆ ನಮಸ್ಕಾರ ಎಂದು ಕನ್ನಡಕ ಏರಿಸಿ ಓದಿದರು. "ಕರಿಕಮಾನಿನ ಬಯಲಿನಲ್ಲಿ ಯಾರೂ ಇಲ್ಲ. ಕಲ್ಲು ಕಟ್ಟೆಯ ಮೇಲೆ ಬಿಸಿಲು ಒಂಟಿಯಾಗಿ ಕೂತಿರುತ್ತದೆ. ಪಾರಿವಾಳ ರೆಕ್ಕೆ ಬಡಿದರೆ ಆ ಸದ್ದಿಗೆ ಓಗೊಡುವ ಒಂದು ಮನುಷ್ಯ ದನಿಯೂ ಇಲ್ಲ."

ಅದು ನಾನು ಬರೆದದ್ದು. ಹದಿನಾರು ವರ್ಷದ ಹಿಂದೆ, ಪ್ರಬಂಧ ಸ್ಪರ್ಧೆಗೆ. ಅದಕ್ಕೆ ಮೊದಲ ಬಹುಮಾನ ಬಂತು, ಅದನ್ನು ಮೆಚ್ಚಿದ ಹಿರಿಯರೊಬ್ಬರ ಮಾತಿನಿಂದಲೇ ಕಾಲೇಜಿನ ಕೆಲಸವೂ ಬಂತು. ನಿನಗೆ ಬಹುಮಾನದ ಸುದ್ದಿ ಬರೆದಿದ್ದೆ. ಪ್ರಬಂಧವನ್ನು ಮಾತ್ರ ಯಾವತ್ತೂ ತೋರಿಸಲಿಲ್ಲ.

ಈರಯ್ಯನವರು ಚೆನ್ನಾಗಿ ಓದಿದರು. ಹದಿನಾರು ವರ್ಷದ ಹಿಂದೆ ನೋಡಿದವರೇ ಯಾರೂ ಇಲ್ಲ ಎಂದು ಬರೆದ ಮೇಲೆ ಇನ್ನೇನು ಬೇಕು ಎಂದು ಅಧಿಕಾರಿ ಆ ಹಾಳೆ ಕೇಳಿ ಪಡೆದು ಫೈಲಿಗೆ ಪಿನ್ ಮಾಡಿದರು. ಆಗ ಖಾಲಾ ಕೂತಲ್ಲಿಂದಲೇ ಹೇಳಿದಳು: "ಸಾಹೇಬ್ರ, ಅದನ್ನ ಬರ್ದವ್ರು ನಾವೆಲ್ಲಾ ನೀರಿಗಿ ಹೋದಾಗ ಬಂದಿರಬೇಕ್ರಿ." ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿ, ಮೇಡಂ ಏನೋ ಕಾಗದ ಹಿಡಿದುಕೊಂಡು ಕೂತಿದ್ದಾರೆ, ಮಾತಾಡುತ್ತೀರಾ ಎಂದರು.

ನಾನು ಎದ್ದೆ. ಕಾಗದ ಮಡಚಿದೆ. ಇತಿಹಾಸವೂ ಉಳಿಯಬೇಕು, ಕ್ರೀಡೆಯೂ ಬೆಳೆಯಬೇಕು, ಎರಡೂ ಕೈ ಹಿಡಿದು ನಡೆಯಬೇಕು ಎಂದು ಹೇಳಿ ಕೂತೆ. ಚಪ್ಪಾಳೆ ಬಿತ್ತು. ಪ್ರಿನ್ಸಿಪಾಲರು ತಲೆದೂಗಿದರು. ಖಾಲಾ ಕೂಡ ಚಪ್ಪಾಳೆ ತಟ್ಟಿದಳು ಆಶಾ, ನಾನು ಏನೋ ಒಳ್ಳೆಯದನ್ನೇ ಹೇಳಿದ್ದೇನೆಂದು ತಿಳಿದು.

ಸಭೆ ಮುಗಿದ ಮೇಲೆ ಖಾಲಾ ಬಿಡಲಿಲ್ಲ, ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು. ಕಮಾನಿನ ಕೆಳಗಿನ ಕಟ್ಟೆಯ ಮೇಲೆ ಯಾರದೋ ಹಳೆಯ ಸೀರೆಗಳ ಕೌದಿ ಹರವಿತ್ತು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಅಷ್ಟು ಅಗಲದ ಸಪಾಟು ಜಾಗ ಓಣಿಯಲ್ಲಿ ಬೇರೆಲ್ಲೂ ಇಲ್ಲ, ಕಟ್ಟೆ ಹೋದರೆ ಹೊಲಿಗೆಯೂ ಹೋದಂತೆ ಎಂದಳು. ಅವಳಿಗೆ ಆ ಝೆರಾಕ್ಸಿನ ವಿಷಯ ಮನಸ್ಸಿನಿಂದ ಹೋಗಿರಲಿಲ್ಲ. ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟು ಹೇಳಿದಳು: "ಯಾರೋ ದೊಡ್ಡವ್ರು ಬರ್ದಾರ, ಛಲೋನs ಐತಿ ಕೇಳಾಕ. ಆದ್ರ ನಿನ್ನ ಕೈಯಾಗ ಪೆನ್ನಿದ್ದಿದ್ರ ನಮ್ಮನ್ನ ಬಿಟ್ಟು ಬರೀತಿದ್ದಿಲ್ಲ ನೀ."

ದಾರ ಪೋಣಿಸಿ ಕೊಟ್ಟೆ. ಆಟೋ ಹತ್ತಿ ಬಂದೆ.

ಈ ಎರಡು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕವಿತೆ ಓದಿ ಓದಿ ಪಾಳುಬಿದ್ದ ಗೋಡೆ ಕಂಡರೆ ಸಾಕು, ಅಲ್ಲಿ ಮೌನವನ್ನೇ ಹುಡುಕುವ ಚಟ ನನಗೆ. ಮೌನ ಬೇಕಾದವಳ ಕಣ್ಣಿಗೆ ಒಲೆಯ ಹೊಗೆ, ಒಣಹಾಕಿದ ಲಂಗ, ಜಗಳ ಯಾವುದೂ ಬೀಳುವುದಿಲ್ಲ. ಕಾಣಲೇ ಇಲ್ಲ, ಅಷ್ಟೇ, ಬೇಕೆಂದು ಮಾಡಿದ್ದಲ್ಲ. ಹೀಗೆಲ್ಲ.

ಆದರೂ ಇವತ್ತು ಬೆಳಿಗ್ಗೆ ಕಚೇರಿಗೆ ಹೋದೆ. ತಕರಾರು ಕೊಡಲು ನಾಳೆಯೇ ಕಡೆಯ ದಿನ. ಆ ಪ್ರಬಂಧ ನನ್ನದು, ಅದರಲ್ಲಿ ಬರೆದದ್ದು ನಿಜವಲ್ಲ, ಆಗಲೂ ಅಲ್ಲಿ ಹನ್ನೊಂದು ಮನೆಗಳಿದ್ದವು, ಒಂದರಲ್ಲಿ ನಾನೇ ಬೆಳೆದದ್ದು ಎಂದು ಬರೆದು ಸಹಿ ಮಾಡಿ ಕೊಟ್ಟೆ. ಗುಮಾಸ್ತ ಎರಡು ಸಲ ಓದಿದ. "ಮಂದಿ ಮಂದಿ ಮ್ಯಾಲ ತಕರಾರು ಕೊಡ್ತಾರ್ರಿ ಮೇಡಂ. ನಿಮ್ಮ ಮ್ಯಾಲ ನೀವs ಕೊಡಾಕತ್ತೀರಲ್ಲ" ಎಂದ. ಆಮೇಲೆ ಒಳಗೆ ಹೋಗಿ ಅಧಿಕಾರಿಯನ್ನು ಕೇಳಿಕೊಂಡು ಬಂದ. ಆಗ ಇಲ್ಲ ಎಂದವರು ಈಗ ಇದೆ ಎಂದರೆ ಯಾವುದನ್ನು ನಂಬುವುದು, ಆಗಿನ ಕಾಲದ ಕಾಗದ ಒಂದಾದರೂ ಇದ್ದರೆ ಜೊತೆಗೆ ಕೊಡಿ, ಇಲ್ಲವಾದರೆ ಇದಕ್ಕೆ ತೂಕ ಬರುವುದಿಲ್ಲ ಎಂದರಂತೆ. ಇಲ್ಲ ಎಂದೆ. ಅರ್ಜಿಯ ಮೇಲೆ ಸಿಕ್ಕಾ ಒತ್ತಿ ಇಟ್ಟುಕೊಂಡ.

ಈ ಪತ್ರವನ್ನು ಅಮ್ಮನಿಗೆ ಓದಿ ಹೇಳು. ನನ್ನ ಮೇಲಿನ ಪ್ರೀತಿಗೆ ಎಲ್ಲಿಯೂ ಸಾಲು ಬಿಡಬೇಡ. ಅವಳು ಬೈದರೆ ಬೈದ ಹಾಗೇ ನನಗೆ ಕಳಿಸು. ಬೈಯಲಿಕ್ಕಿಲ್ಲ ಎಂಬುದೇ ನನ್ನ ಹೆದರಿಕೆ.

ಹೆರಿಗೆಗೆ ಬಂದಿರುವ ನಿನ್ನ ಮಗಳಿಗೆ ನನ್ನ ಆಶೀರ್ವಾದ. ಸುಖವಾಗಿ ಆಗಲಿ, ಹುಟ್ಟುವ ಕೂಸು ನಿನ್ನ ಅಮ್ಮನ ಗುಣ ತರಲಿ. ಇರ್ಫಾನನ ಮಗಳು ಮಣ್ಣಿನ ಮೇಲೆ ಓಡುವ ದಿನ ಬರಲಿ, ಆ ದಿನ ಅವಳ ಮನೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಮನೆಯೂ ಇರಲಿ. ತಿಕೋಟಾದಿಂದ ದಿನಾ ಬಸ್ಸಿಗೆ ಬರುವ ನಮ್ಮ ಕಾಲೇಜಿನ ಸಿದ್ದರಾಮ ಸರ್ ಐದರ ಬಸ್ಸಿಗೆ ಊರಿಗೆ ಹೊರಡುತ್ತಾರೆ. ಇದನ್ನು ಇವತ್ತೇ ನಿನ್ನ ಕೈಗೆ ಮುಟ್ಟಿಸುತ್ತೇನೆಂದು ಒಪ್ಪಿದ್ದಾರೆ.

ನಿನ್ನ
ಆಮ್ರಪಾಲಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಎರಡು ಸುಳ್ಳಿವೆ. ಕಾಣಲೇ ಇಲ್ಲ ಎಂದು ಬರೆದದ್ದು ಒಂದು, ಗುಮಾಸ್ತನಿಗೆ ಇಲ್ಲ ಎಂದದ್ದು ಇನ್ನೊಂದು. ಆಗಿನ ಕಾಗದ ಇದೆ. ಅವನು ಕೇಳಿದಾಗ ನನ್ನ ಚೀಲದಲ್ಲೇ ಇತ್ತು. ಪ್ರಬಂಧದ ಮೊದಲ ಕರಡು, ೨೦೦೮ನೆಯ ಇಸವಿಯ ಡೈರಿಯ ಒಂದು ಹಾಳೆ. ಅದರಲ್ಲಿ ಹೀಗಿದೆ: "ಕಟ್ಟೆಯ ಮೇಲೆ ಮಕ್ತುಮಬಿ ಇವತ್ತಿಗೂ ಕೌದಿ ಹೊಲಿಯುತ್ತಾಳೆ. ಚಿಕ್ಕವಳಿದ್ದಾಗ ನಾನು ಓದುತ್ತ ಓದುತ್ತ ಅವಳು ಹರವಿದ ಕೌದಿಯ ಮೇಲೇ ನಿದ್ದೆ ಹೋಗುತ್ತಿದ್ದೆ. ಎಬ್ಬಿಸುತ್ತಿರಲಿಲ್ಲ, ನನ್ನ ಸುತ್ತಲೂ ಹೊಲಿದುಕೊಂಡು ಹೋಗುತ್ತಿದ್ದಳು. ಎದ್ದಾಗ ನಾನು ಮಲಗಿದಷ್ಟು ಜಾಗ ಮಾತ್ರ ಹೊಲಿಗೆಯಿಲ್ಲದೆ ಉಳಿದಿರುತ್ತಿತ್ತು." ಈ ನಾಲ್ಕು ಸಾಲಿನ ಮೇಲೆ ಒಂದು ಗೆರೆ ಎಳೆದಿದ್ದೇನೆ. ಹೊಡೆದುಹಾಕು ಎಂದು ಯಾರೂ ಹೇಳಿರಲಿಲ್ಲ. ತೀರ್ಪುಗಾರರಿಗೆ ನಾನು ಯಾವ ಓಣಿಯವಳು, ಯಾರ ಮಗಳು ಎಂದು ಗೊತ್ತಾಗಬಾರದಿತ್ತು. ಆ ಗೆರೆಯನ್ನು ಗುಮಾಸ್ತ ನೋಡಿದರೆ ಬೇಕೆಂದೇ ಹೊಡೆದುಹಾಕಿದ್ದು ಗೊತ್ತಾಗುತ್ತದೆಂದು ಇವತ್ತು ಚೀಲ ತೆರೆಯಲಿಲ್ಲ.

ಮೂಲ ಹಾಳೆಯನ್ನೇ ಇದರ ಜೊತೆ ಇಟ್ಟಿದ್ದೇನೆ. ನನ್ನ ಹತ್ತಿರ ಇದ್ದರೆ ನಾಳೆ ಬೆಳಗಾಗುವುದರೊಳಗೆ ಇನ್ನೊಂದು ಕಾರಣ ಹುಡುಕಿಕೊಳ್ಳುತ್ತೇನೆ. ನೀನೋ ಇರ್ಫಾನನೋ ತಂದು ಕೊಡಿ, ನಾಳೆ ಐದರವರೆಗೆ ಕಾಗದ ತೆಗೆದುಕೊಳ್ಳುತ್ತಾರೆ. ಅಕ್ಷರ ಯಾರದೆಂದು ಕೇಳಿದರೆ ಹೇಳಲು ಒಬ್ಬರು ಬೇಕಾಗುತ್ತದೆ, ಮೂರು ಗಂಟೆಯಿಂದ ನಾನು ಕಚೇರಿಯ ಗೇಟಿನ ಹತ್ತಿರ ಇರುತ್ತೇನೆ. ನನ್ನನ್ನು ಮಾತಾಡಿಸಲೇಬೇಕೆಂದಿಲ್ಲ.