ಪರ್ನೆಲ್ ಹೊಡೆದ ಚೆಂಡು

ಜೂನ್ ೧೪, ಭಾನುವಾರ

ಕೂಗಿ ಕೂಗಿ ಗಂಟಲು ಕಟ್ಟಿದೆ. ಲಿಂಡ್‌ಕ್ವಿಸ್ಟ್ ಮುಖ ಮಾತ್ರ ಕಣ್ಣಿಂದ ಹೋಗುತ್ತಿಲ್ಲ.

ನಮ್ಮ ಬೇಸ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದಾಗ ಪರ್ನೆಲ್‌ನಂಥ ಆಟಗಾರನನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟವರು ಇವರೇ. ಆ ವರ್ಷ ಬೇಕರಿಯಲ್ಲಿ ಸಿಕ್ಕಾಗ ಜಗಳಕ್ಕೇ ನಿಂತಿದ್ದೆ. "ಮಾಲೀಕರು ಮಾಡಿಸಿದ್ರಾ?" ಎಂದರೆ, "ಇಲ್ಲಮ್ಮ, ತಪ್ಪು ನಂದೇ" ಎಂದಿದ್ದರು. ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ.

ಕೆಲಸ ಹೋದ ಮೇಲೂ ಟಿಕೆಟ್ ಕೊಂಡು ಬರುತ್ತಾರೆ, ಪುಣ್ಯಾತ್ಮ. ಇವತ್ತು ಗ್ಯಾಲರಿಯಲ್ಲಿ ನನ್ನ ಪಕ್ಕದಲ್ಲೇ ಇದ್ದರು. ಪರ್ನೆಲ್ ನಮ್ಮ ವಿರುದ್ಧವೇ ಹೋಮ್ ರನ್ ಹೊಡೆದ. ಚೆಂಡು ಮೈದಾನದ ಬೇಲಿ ದಾಟಿ ನೇರ ಇವರ ಕೈಗೆ! ಎದುರಾಳಿಯ ಅಂಥ ಚೆಂಡನ್ನು ನಾವು ಇಟ್ಟುಕೊಳ್ಳುವುದಿಲ್ಲ, ಮೈದಾನಕ್ಕೇ ತಿರುಗಿ ಎಸೆಯಬೇಕು. "ಎಸಿ! ಎಸಿ!" ಎಂದು ಎಲ್ಲರೂ ಕೂಗಿದರು, ನಾನೂ.

ಹಿಂದಿನಿಂದ ಒಬ್ಬ, "ಆಟಗಾರನ್ನೇ ಬಿಟ್ಟೋನಿಗೆ ಚೆಂಡು ಬಿಡೋದೇನಯ್ಯಾ ಕಷ್ಟ?" ಎಂದ. ಗ್ಯಾಲರಿಯೇ ಹೋ ಎಂದು ನಕ್ಕಿತು.

ಲಿಂಡ್‌ಕ್ವಿಸ್ಟ್ ಕೂಡ ನಕ್ಕರು. ಚೆಂಡನ್ನು ಜರ್ಕಿನ್ ಜೇಬಿಗೆ ಇಳಿಸಿ, ಮೇಲೆ ಕೈ ಇಟ್ಟುಕೊಂಡರು.

"ಬೈಕೊಳ್ಲಿ ಬಿಡಮ್ಮ. ಒಂದ್ಸಲ ಬಿಟ್ಟುಕೊಟ್ಟಿದ್ದೇ ಸಾಕು."

ಆಮೇಲೆ ನನಗೆ ಕೂಗಲಾಗಲಿಲ್ಲ. ಪರ್ನೆಲ್ ಮತ್ತೆ ಬ್ಯಾಟ್ ಹಿಡಿದು ಬಂದಾಗ ಇಡೀ ಗ್ಯಾಲರಿ ಅವನನ್ನು ಬೈಯುತ್ತಿತ್ತು. ನಾವಿಬ್ಬರು ಮಾತ್ರ ಎದ್ದು ನಿಂತು ಚಪ್ಪಾಳೆ...