ಕೈ ಮುರಿಯಿತು, ಬಳೆ ಉಳಿಯಿತು

ಸವಣೂರು, ಶ್ರಾವಣ, ೧೯೬೩

ಹುಲಗೂರಿನ ಶ್ರೀಪಾದರಾಯರಿಗೆ ನಿಮ್ಮ ತಂಗಿಯ ಗಂಡ ಜಯತೀರ್ಥನ ನಮಸ್ಕಾರಗಳು.

ಹೋದ ವರ್ಷ ನಮ್ಮ ಮನೆಯಲ್ಲಿ ಸಿಂಧೂನ ಪಕ್ಕೆಲುಬು ಮುರಿದಾಗ, ನಾನೇ ಹೊಡೆದಿರಬೇಕೆಂದು ತಿಳಿದು, ಒಂದು ಮಾತೂ ಕೇಳದೆ ಆಕೆಯನ್ನು ಕರೆದೊಯ್ದಿರಿ. ಈ ಪಂಚಮಿಗೆ ನಿಮ್ಮ ಕಟ್ಟೆಯ ಮೇಲೆಯೇ ಬಳೆಗಾರ ಬುಡನಸಾಬರು ಬಳೆ ಏರಿಸಲು ಸಿಂಧೂನ ಅಂಗೈ ಒತ್ತಿದರು. ಕೈ ಮುರಿಯಿತು, ಬಳೆ ಉಳಿಯಿತು. ಪ್ರಾಸ ತಾನಾಗಿ ಬಿದ್ದಿದೆ, ಕ್ಷಮಿಸಿ. ನೀವು ಅವರ ಮೇಲೆ ಕೈ ಮಾಡಿದಿರಂತೆ.

ಆಮೇಲೆ ನಾನು ಆಕೆಯನ್ನು ನಿಮ್ಮಲ್ಲಿಂದ ಕರೆತಂದು ಮಿರಜಿನ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದೆ. ಕುತ್ತಿಗೆಯೊಳಗಿನ ಕಾಳಿನಷ್ಟು ಗ್ರಂಥಿಯೊಂದು ಉಬ್ಬಿದೆ. ಅದರ ರಸ ಎಲುಬಿನ ಸುಣ್ಣವನ್ನು ರಕ್ತಕ್ಕೆ ಎಳೆಯುತ್ತಿದೆಯಂತೆ. ಅದನ್ನು ತೆಗೆದರೆ ಎಲುಬು ಗಟ್ಟಿಯಾಗುತ್ತದೆ. ಎಲೆಗೆ ಸುಣ್ಣ ಹೆಚ್ಚು ಸವರಿದರೆ ಸಾಲದೇ ಎಂದು ಕೇಳಿದೆ. ಡಾಕ್ಟರು ನಗಲಿಲ್ಲ.

ಗುರುವಾರ ಆಪರೇಷನ್. ಆದರೆ ಸಿಂಧೂ ಹಟ ಹಿಡಿದಿದ್ದಾಳೆ: "ಅಣ್ಣಾ ಮೊದಲ ಬುಡನಸಾಬರ ಮುಂದ ತಪ್ಪಾತು ಅನ್ಲಿ. ಅಲ್ಲೀತನಾ ನಾ ಮಿರಜಿಗೆ ಹೋಗಂಗಿಲ್ಲ."

"ಮತ್ತ ನನ್ನ ಮುಂದ?" ಎಂದೆ.

"ನಿಮ್ಮ ಮುಂದ ಬ್ಯಾಡ್ರಿ. ಅದಕ್ಕೂ ಪ್ರಾಸ ಹುಡುಕ್ತೀರಿ."

ಆದ್ದರಿಂದ ಬುಡನಸಾಬರನ್ನು ಕಂಡು, ಮಂಗಳವಾರದೊಳಗೆ ಬನ್ನಿ. ಅವರಿಂದಲೇ ಒಂದು ಡಜನ್ ಹಸಿರು ಬಳೆ ತನ್ನಿ. ಅಳತೆ ಅವರಿಗೆ ಗೊತ್ತು. ಕೈ ಕೂಡಿದ ಮೇಲೆ ಅವರೇ ಬಂದು ಇಡಿಸಲಿ.

ಬಸ್ ಸ್ಟ್ಯಾಂಡಿಗೆ ನಾನು ಬಂದಿರುತ್ತೇನೆ. ನನಗೆ ನೀವು ಏನೂ ಹೇಳಬೇಕಾಗಿಲ್ಲ.

ನಿಮ್ಮ
ಜಯತೀರ್ಥ